ಕಳಚಲೆಂದೇ ನಿಲ್ಲಿಸುವ ದಿಮ್ಮಿಗಳು

ಉತ್ತರ ಅಮೆರಿಕದ ಕಾಡು ಮತ್ತು ನಾಟಾ ಕುರಿತು ಈಚೆಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವಂತೆ ಕಾಣುವುದಿಲ್ಲ. 2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷರು ದೇಶದೊಳಗಿನ ನಾಟಾ ಉತ್ಪಾದನೆಯನ್ನು ತಕ್ಷಣ ಹೆಚ್ಚಿಸಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ಮರುತಿಂಗಳು ಅಲ್ಲಿನ ಕೃಷಿ ಇಲಾಖೆಯು ರಾಷ್ಟ್ರೀಯ ಅರಣ್ಯಗಳ ಸುಮಾರು 11.2 ಕೋಟಿ ಎಕರೆಯನ್ನು ತುರ್ತು ಕ್ರಮದ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಕೆನಡಾದಿಂದ ಬರುವ ಮೆದುಮರದ ಮೇಲಿನ ಸುಂಕ ಒಟ್ಟು ಶೇ. 45ರ ಆಸುಪಾಸಿಗೆ ಏರಿತು. ಇತ್ತ, ಸಾಮಿಲ್ಲುಗಳು ಮುಚ್ಚಿರುವ ಅಥವಾ ಮುಚ್ಚುತ್ತಿರುವ ಊರುಗಳಲ್ಲಿ ನಾಟಾ ಪರಂಪರೆಯ ಹೆಸರಿನಲ್ಲಿ ದಿಮ್ಮಿ, ಹಲಗೆ, ಬೊಡ್ಡೆ, ಹಳೆಯ ಗರಗಸಗಳಿಂದ ಕಲಾಕೃತಿಗಳನ್ನು ಮಾಡಿಸಿ ಉದ್ಯಾನದಲ್ಲೋ ನದಿದಂಡೆಯಲ್ಲೋ ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸುವ ಪರಿಪಾಠ ಬೆಳೆದಿದೆ. ಅವಧಿ ಮುಗಿದೊಡನೆ ಅವನ್ನು ಕಳಚಬೇಕೆಂಬುದು ಕರಾರಿನಲ್ಲೇ ಬರೆದಿರುತ್ತದೆ.

ಓದುಗನಿಗೆ ಗೊಂದಲವಾಗುವುದು ಇಲ್ಲಿಯೇ. ಕಾಡು ಕಡಿದ ಇತಿಹಾಸವನ್ನು ಈ ಕಲೆ ಕೊಂಡಾಡುತ್ತದೆಯೇ, ಇಲ್ಲವೇ ಅದಕ್ಕಾಗಿ ಶೋಕಿಸುತ್ತದೆಯೇ? ನೆನಪಿಗಾಗಿ ಮಾಡುವುದಾದರೆ ಕೆಡವುವುದೇಕೆ? ಕೆಡವುವುದಾದರೆ ಸಾರ್ವಜನಿಕ ಹಣ ಏಕೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಕಲಾಕೃತಿಯ ರೂಪಕ್ಕಿಂತ ಮೊದಲು ಅದರ ಮರ ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಉದ್ಯಮ ಕುಗ್ಗಿದ ಬಗೆ

ಪೆಸಿಫಿಕ್ ಕರಾವಳಿಯಲ್ಲಿರುವ ಅಮೆರಿಕದ ವಾಷಿಂಗ್ಟನ್, ಆರೆಗಾನ್ ರಾಜ್ಯಗಳು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ಸೀಮೆಗಳಲ್ಲಿ ಊರುಗಳು ಹುಟ್ಟಿದ್ದೇ ಸಾಮಿಲ್ಲಿನ ಸುತ್ತ. ಸಿಯಾಟಲ್ ನಗರಕ್ಕೆ 1850ರ ದಶಕದ ಆರಂಭದಲ್ಲಿ ಹೆನ್ರಿ ಯೆಸ್ಲರ್ ಹಾಕಿದ ಉಗಿಯಂತ್ರದ ಮಿಲ್ಲೇ ಮೊದಲ ಆಸರೆ. ಗುಡ್ಡದಿಂದ ಆ ಮಿಲ್ಲಿಗೆ ದಿಮ್ಮಿಗಳನ್ನು ಜಾರಿಸಿ ಎಳೆಯುತ್ತಿದ್ದ ದಾರಿಯನ್ನು ‘ಸ್ಕಿಡ್ ರೋಡ್’ ಎನ್ನುತ್ತಿದ್ದರು. ಕೆಲಸವಿಲ್ಲದವರು ಸೇರುವ ಬಡ ಬೀದಿಗೆ ಇಂಗ್ಲಿಷಿನಲ್ಲಿ ಬಳಸುವ ‘ಸ್ಕಿಡ್ ರೋ’ ಎಂಬ ಮಾತು ಇಂಥ ದಾರಿಗಳಿಂದಲೇ ಬಂದದ್ದು. ದುಡಿಮೆಯ ದಾರಿಯ ಹೆಸರು ನಿರುದ್ಯೋಗದ ಹೆಸರಾಗಿ ಉಳಿದದ್ದು ಈ ಸೀಮೆಯ ಮುಂದಿನ ಕಥೆಗೆ ಮುನ್ಸೂಚನೆಯಂತಿದೆ.

ಉದ್ಯಮದ ಕುಸಿತಕ್ಕೆ ಒಂದೇ ಕಾರಣವಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಒಂದೇ: ಗೂಬೆ. ಚುಕ್ಕೆ ಗೂಬೆಯನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 1994ರ ವಾಯವ್ಯ ಅರಣ್ಯ ಯೋಜನೆಯು ಅದರ ನೆಲೆಯಾದ ಸುಮಾರು 2.4 ಕೋಟಿ ಎಕರೆ ಕೇಂದ್ರ ಸರ್ಕಾರಿ ಭೂಮಿಗೆ ಹೊಸ ನಿಯಮ ತಂದಿತು. ಆ ಕಾಡುಗಳಿಂದ ಬರುತ್ತಿದ್ದ ನಾಟಾ, 1980ರ ದಶಕದ ಕೊನೆಯ ಮಟ್ಟಕ್ಕೆ ಹೋಲಿಸಿದರೆ, ಕೆಲವೇ ವರ್ಷಗಳಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿ ಇಳಿಯಿತು. ಆದರೆ ಇದಕ್ಕೆ ಬಹಳ ಮೊದಲೇ ಕಾಡಿನಲ್ಲೂ ಮಿಲ್ಲಿನಲ್ಲೂ ಹೊಸ ಯಂತ್ರಗಳು ಬಂದು, ಅಷ್ಟೇ ಮರಕ್ಕೆ ಹಿಂದಿಗಿಂತ ತೀರಾ ಕಡಿಮೆ ಆಳು ಸಾಕಾಗುವ ಸ್ಥಿತಿ ಬಂದಿತ್ತು. ದೊಡ್ಡ ಮರಗಳು ಮುಗಿಯುತ್ತ ಬಂದಿದ್ದವು; ಕೊಯ್ಯದ ದಿಮ್ಮಿಗಳು ಹಾಗೆಯೇ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದವು. ಬ್ರಿಟಿಷ್ ಕೊಲಂಬಿಯಾದ ಒಳನಾಡಿನಲ್ಲಿ 1990ರ ದಶಕದ ಕೊನೆಯಿಂದ ಹಬ್ಬಿದ ಪೈನ್ ಜೀರುಂಡೆಯ ಹಾವಳಿ ಇನ್ನೊಂದು ಪೆಟ್ಟು ಕೊಟ್ಟಿತು.

ಹೀಗೆ ನಾಲ್ಕಾರು ಕಾರಣಗಳು ಕೂಡಿ ಆದ ನಷ್ಟವನ್ನು ಒಂದು ಹಕ್ಕಿಯ ಮೇಲೆ ಹೊರಿಸಿದ್ದರ ಪರಿಣಾಮ ಇಂದಿಗೂ ಇದೆ. ಊರಿನ ಒಂದು ಪಾಲು ಜನ ಪರಿಸರವಾದಿಗಳು ತಮ್ಮ ಅನ್ನ ಕಿತ್ತುಕೊಂಡರೆಂದು ನಂಬುತ್ತಾರೆ. ಇನ್ನೊಂದು ಪಾಲಿನವರು ಕಂಪನಿಗಳು ಕಾಡನ್ನು ಬರಿದು ಮಾಡಿ ಕಾರ್ಮಿಕರನ್ನು ಕೈಬಿಟ್ಟವೆಂದು ನಂಬುತ್ತಾರೆ. ಇಂಥ ಊರಿನ ನಡುವೆ ನಾಟಾ ಪರಂಪರೆಯ ಕುರಿತು ಏನನ್ನೇ ನಿಲ್ಲಿಸಿದರೂ ಅದು ಈ ಎರಡು ನಂಬಿಕೆಗಳ ನಡುವೆಯೇ ನಿಲ್ಲುತ್ತದೆ.

ಯಾರ ಪರಂಪರೆ

ಅಮೆರಿಕದಲ್ಲಿ ಮರಕಡಿಯುವವನ ಪ್ರತಿಮೆ ಎಂದೊಡನೆ ನೆನಪಾಗುವುದು ಪಾಲ್ ಬನ್ಯನ್ ಎಂಬ ಜಾನಪದ ದೈತ್ಯ. ಮಿನೆಸೋಟದ ಬೆಮಿಡ್ಜಿ ಊರಿನಲ್ಲಿರುವ ಸುಮಾರು 18 ಅಡಿ ಎತ್ತರದ ಅವನ ಪ್ರತಿಮೆಯನ್ನು 1937ರ ಚಳಿಗಾಲದ ಉತ್ಸವಕ್ಕೆಂದು ಕಟ್ಟಲಾಗಿತ್ತು. ಉತ್ಸವ ಮುಗಿಯಿತು, ಪ್ರತಿಮೆ ಉಳಿಯಿತು, ಈಗ ಅದು ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅವನ ಕಥೆಗಳು ಮರಕಡಿಯುವವರ ಬಿಡಾರಗಳಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದವು, ನಿಜ. ಆದರೆ ದೇಶಕ್ಕೆಲ್ಲ ಅವನನ್ನು ಪರಿಚಯಿಸಿದ್ದು ರೆಡ್ ರಿವರ್ ಲಂಬರ್ ಕಂಪನಿ 1914ರಿಂದ ಹೊರತಂದ ಜಾಹೀರಾತು ಪುಸ್ತಿಕೆಗಳು. ಪರಂಪರೆ ಎಂದು ನಾವು ಕೈಮುಗಿಯುವುದರಲ್ಲಿ ಎಷ್ಟು ಪಾಲು ಜಾಹೀರಾತು ಎಂದು ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ನಗುವ ದೈತ್ಯನ ಪ್ರತಿಮೆಯಲ್ಲಿ ಕೂಲಿಯ ಜಗಳವಿಲ್ಲ, ಮರದಡಿ ಸಿಕ್ಕಿ ಸತ್ತವರಿಲ್ಲ, ಆ ನೆಲದಲ್ಲಿ ಮೊದಲೇ ಇದ್ದ ಜನರೂ ಇಲ್ಲ.

ಶಾಶ್ವತ ಸ್ಮಾರಕ ಒಂದು ಪಕ್ಷದ ಮಾತನ್ನು ಹೇಗೆ ಗಟ್ಟಿಮಾಡುತ್ತದೆ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯ ಎಂಬ ನಾಟಾ ಪಟ್ಟಣದ ಇತಿಹಾಸವನ್ನು ನೋಡಬೇಕು. ಮರಕಡಿಯುವವರನ್ನೂ ಮಿಲ್ ಕಾರ್ಮಿಕರನ್ನೂ ಸಂಘಟಿಸಿದ ‘ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್’ ಎಂಬ ಕಾರ್ಮಿಕ ಸಂಘ 1917ರಲ್ಲಿ ಎಂಟು ತಾಸಿನ ದುಡಿಮೆಗಾಗಿ ದೊಡ್ಡ ಮುಷ್ಕರ ನಡೆಸಿತ್ತು. 1919ರ ನವೆಂಬರ್ 11ರಂದು ಸೆಂಟ್ರೇಲಿಯದಲ್ಲಿ ಮಾಜಿ ಸೈನಿಕರ ಮೆರವಣಿಗೆ ಆ ಸಂಘದ ಕಚೇರಿಯ ಮುಂದೆ ಬಂದಾಗ ಘರ್ಷಣೆ ನಡೆದು ನಾಲ್ವರು ಮಾಜಿ ಸೈನಿಕರು ಗುಂಡಿಗೆ ಬಲಿಯಾದರು. ಅದೇ ರಾತ್ರಿ ಗುಂಪೊಂದು ಸಂಘದ ಸದಸ್ಯ ವೆಸ್ಲಿ ಎವರೆಸ್ಟ್‌ನನ್ನು ಜೈಲಿನಿಂದ ಎಳೆದೊಯ್ದು ಗಲ್ಲಿಗೇರಿಸಿತು. ಮೊದಲು ಕೈಮಾಡಿದವರು ಯಾರು ಎಂಬ ವಾದ ನೂರು ವರ್ಷ ಕಳೆದರೂ ಮುಗಿದಿಲ್ಲ. ಆದರೆ 1924ರಲ್ಲಿ ಊರಿನ ಉದ್ಯಾನದಲ್ಲಿ ಸತ್ತ ಸೈನಿಕರ ನೆನಪಿಗೆ ಕಂಚಿನ ಪ್ರತಿಮೆ ನಿಂತಿತು. ಎವರೆಸ್ಟ್‌ನನ್ನು ನೆನೆಯುವ ಭಿತ್ತಿಚಿತ್ರವೊಂದು ಅದೇ ಚೌಕದ ಕಟ್ಟಡದ ಗೋಡೆಯ ಮೇಲೆ ಬಂದದ್ದು 1997ರಲ್ಲಿ, ಅಂದರೆ 73 ವರ್ಷ ಕಳೆದ ಮೇಲೆ. ಕಂಚು ಮೊದಲು ಮಾತಾಡಿಬಿಟ್ಟರೆ ಉಳಿದವರ ಸರದಿ ಬರುವುದಕ್ಕೆ ಮೂರು ತಲೆಮಾರು ಹಿಡಿಯುತ್ತದೆ.

ಈ ಪರಂಪರೆಯಲ್ಲಿ ಭಾರತದಿಂದ ಹೋದವರ ಪಾಲೂ ಇದೆ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ನೂರಾರು ಬಿಳಿಯರ ಗುಂಪು ಸಾಮಿಲ್ಲುಗಳಲ್ಲಿ ದುಡಿಯುತ್ತಿದ್ದ, ಹೆಚ್ಚಾಗಿ ಸಿಖ್ಖರೇ ಆಗಿದ್ದ ಭಾರತೀಯ ಕೂಲಿಗಳ ಮೇಲೆ ಬಿದ್ದು ಅವರನ್ನು ಊರು ಬಿಡಿಸಿತು. ಗಡಿಯಾಚೆ ವ್ಯಾಂಕೂವರ್ ದ್ವೀಪದಲ್ಲಿ ಮೇಯೊ ಸಿಂಗ್ ಎಂಬ ಉದ್ಯಮಿ ಕಟ್ಟಿದ ಮಿಲ್ ಊರಿಗೆ ಪಂಜಾಬಿನ ತನ್ನ ಹಳ್ಳಿಯ ‘ಪಾಲ್ದಿ’ ಎಂಬ ಹೆಸರನ್ನೇ ಇಟ್ಟ. ಮಿಲ್ಲು ಹೋದ ಮೇಲೂ ಅಲ್ಲಿನ ಗುರುದ್ವಾರ ಉಳಿದಿದೆ. ಬೆಲಿಂಗ್‌ಹ್ಯಾಮ್‌ನಲ್ಲಿ ಏಷ್ಯಾದ ವಲಸಿಗರಿಗೆ ಆದ ಅನ್ಯಾಯವನ್ನು ನೆನೆಯುವ ಗ್ರಾನೈಟ್ ಕಮಾನು ನಿಂತದ್ದು 2018ರಲ್ಲಿ. ಕೊಡಲಿ ಹಿಡಿದ ಗಡ್ಡದ ಬಿಳಿಯನೊಬ್ಬನನ್ನು ಕೆತ್ತಿ ಅದನ್ನೇ ಸೀಮೆಯ ನಾಟಾ ಪರಂಪರೆ ಎಂದರೆ ಸುಳ್ಳಾಗುವುದು ಇದೇ ಕಾರಣಕ್ಕೆ.

ತಾತ್ಕಾಲಿಕ ಕಲೆಯ ಪರವಾಗಿರುವ ಮುಖ್ಯ ವಾದ ಇಲ್ಲಿಂದಲೇ ಹುಟ್ಟುತ್ತದೆ. ಶಾಶ್ವತ ಪ್ರತಿಮೆ ನಿಲ್ಲಬೇಕಾದರೆ ಊರು ಒಂದು ಕಥೆಗೆ ಒಪ್ಪಬೇಕು. ಒಪ್ಪಿಗೆ ಬಾರದಿದ್ದರೆ ಬಲವಿದ್ದವರ ಕಥೆ ನಿಲ್ಲುತ್ತದೆ, ಇಲ್ಲವೇ ಯಾರಿಗೂ ನೋವಾಗದ ಸಪ್ಪೆ ಆಕೃತಿಯೊಂದು ನಿಲ್ಲುತ್ತದೆ. ಆರು ತಿಂಗಳಿಗೆ ನಿಲ್ಲುವ ಕೃತಿಯಿಂದ ಅಷ್ಟೊಂದು ಒಮ್ಮತವನ್ನು ಯಾರೂ ಬೇಡುವುದಿಲ್ಲ. ಈ ಬೇಸಿಗೆ ಕಾರ್ಮಿಕರ ಕಥೆ, ಮುಂದಿನ ಬೇಸಿಗೆ ಕಾಡಿನ ಕಥೆ, ಅದರಾಚೆ ಮೂಲನಿವಾಸಿಗಳ ಕಥೆ ಬರಲು ಜಾಗ ಖಾಲಿಯಾಗುತ್ತ ಹೋಗುತ್ತದೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪ್ರತಿಮೆಯಿಲ್ಲದೆ ಉಳಿದಿದ್ದ ನಾಲ್ಕನೆಯ ಪೀಠದ ಮೇಲೆ ಸರದಿಯಂತೆ ಹೊಸ ಕೃತಿಗಳನ್ನು ಇಡುವ ಪದ್ಧತಿ ನಡೆದುಬಂದಿರುವುದು ಇದೇ ತರ್ಕದ ಮೇಲೆ.

ಮರ ಬಂದ ದಾರಿ, ಹೋದ ದಾರಿ

ತಾತ್ಕಾಲಿಕ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಸಂಗತಿಗಳು ನಡೆಯುತ್ತವೆ. ಕೆಲವು ಕೃತಿಗಳಲ್ಲಿ ಅವಧಿ ಎಂಬುದು ಬರಿಯ ಆಡಳಿತದ ದಿನಾಂಕ. ಅಂದು ಲಾರಿ ಬಂದು ಒಯ್ಯುತ್ತದೆ. ಇನ್ನು ಕೆಲವದರಲ್ಲಿ ಕೃತಿಯ ಅಂತ್ಯವೂ ಕೃತಿಯ ಭಾಗವಾಗಿರುತ್ತದೆ. ಎರಡನೆಯದಕ್ಕೆ ಒಳ್ಳೆಯ ಉದಾಹರಣೆಗಳಿವೆ, ಅವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಲೇಸು.

2021ರ ಮೇ ತಿಂಗಳಿನಿಂದ ನವೆಂಬರ್‌ವರೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಉದ್ಯಾನದಲ್ಲಿ ಮಾಯಾ ಲಿನ್ ಅವರು ‘ಘೋಸ್ಟ್ ಫಾರೆಸ್ಟ್’ ಎಂಬ ಕೃತಿಯಲ್ಲಿ 49 ಒಣಗಿದ ಬಿಳಿ ಸೀಡರ್ ಮರಗಳನ್ನು ನಿಲ್ಲಿಸಿದರು. ಸುಮಾರು 40 ಅಡಿ ಎತ್ತರದ ಆ ಮರಗಳು ನೆರೆಯ ನ್ಯೂಜೆರ್ಸಿಯ ಪೈನ್ ಬ್ಯಾರನ್ಸ್ ಕಾಡಿನವು. ಸಮುದ್ರದ ಉಪ್ಪುನೀರು ಒಳನುಗ್ಗಿ ಸಾಯುತ್ತಿದ್ದ, ಕಾಡಿನ ಪುನರುಜ್ಜೀವನಕ್ಕಾಗಿ ಹೇಗೂ ತೆಗೆಯಬೇಕಾಗಿದ್ದ ಮರಗಳು. ಶತಮಾನಗಳ ಕಾಲ ದೋಣಿಗೂ ಮಾಡಿನ ಹಲಗೆಗೂ ಕಡಿದು ಕಡಿದು ಈ ಜಾತಿಯ ಕಾಡು ಪೂರ್ವ ಕರಾವಳಿಯಲ್ಲಿ ಮೊದಲೇ ಸಣ್ಣ ತುಣುಕುಗಳಿಗೆ ಇಳಿದಿತ್ತು. ಉದ್ಯಾನದ ಹಸಿರು ಮರಗಳ ನಡುವೆ ಆ ಬೂದು ಕಾಂಡಗಳು ಆರು ತಿಂಗಳು ನಿಂತವು. ಕೃತಿಗೆ ಖರ್ಚಾದ ಇಂಗಾಲವನ್ನು ಸರಿದೂಗಿಸಲು ನಗರದಲ್ಲಿ 1,000 ಗಿಡಮರಗಳನ್ನು ನೆಡಲಾಯಿತು. ಕಳಚಿದ ಮೇಲೆ ಮರಗಳು ಬ್ರಾಂಕ್ಸ್‌ನ ಒಂದು ಯುವಜನ ಸಂಸ್ಥೆಗೆ ಹೋದವು. ಅಲ್ಲಿನ ಹುಡುಗ ಹುಡುಗಿಯರು ಅವನ್ನು ಕೊಯ್ದು ದೋಣಿ ಕಟ್ಟಲು ಬಳಸಿದರು. ಹಿಂದೆ ಯಾವ ಕೆಲಸಕ್ಕಾಗಿ ಆ ಕಾಡನ್ನು ಕಡಿಯುತ್ತಿದ್ದರೋ ಅದೇ ಕೆಲಸಕ್ಕೆ, ಆದರೆ ಕಡಿತದಿಂದಲ್ಲದೆ ಸಾವಿನಿಂದ ಸಿಕ್ಕ ಮರ ಬಳಕೆಯಾಯಿತು. ಮರದ ಪ್ರಯಾಣದ ಎರಡು ತುದಿಗಳನ್ನೂ ತೋರಿಸಿದ್ದರಿಂದ, ಇದು ಕೊಂಡಾಟವೋ ಶೋಕವೋ ಎಂಬ ಪ್ರಶ್ನೆಯನ್ನು ನೋಡುಗರು ತಾವೇ ಯೋಚಿಸಿಕೊಳ್ಳಲು ಸಾಧ್ಯವಾಯಿತು.

ಸ್ಯಾನ್‌ಫ್ರಾನ್ಸಿಸ್ಕೋದ ಪ್ರೆಸಿಡಿಯೊ ಉದ್ಯಾನದಲ್ಲಿ ಆಂಡಿ ಗೋಲ್ಡ್ಸ್‌ವರ್ದಿ 2008ರಲ್ಲಿ ಕಟ್ಟಿದ ‘ಸ್ಪೈರ್’ ಇನ್ನೂ ನಿಧಾನದ ಕೃತಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೈನ್ಯ ನೆಟ್ಟಿದ್ದ ಮಾಂಟೆರಿ ಸೈಪ್ರೆಸ್ ಮರಗಳು ಮುದಿಯಾಗಿ, ಅವನ್ನು ತೆಗೆದು ಹೊಸ ಸಸಿ ನೆಡುವ ಕೆಲಸ ನಡೆದಿತ್ತು. ಹಾಗೆ ಕಡಿದ 37 ಕಾಂಡಗಳನ್ನು ಒಂದಕ್ಕೊಂದು ಜೋಡಿಸಿ ಸುಮಾರು 100 ಅಡಿ ಎತ್ತರದ ಗೋಪುರ ಮಾಡಿದರು. ಸುತ್ತ ನೆಟ್ಟ ಎಳೆಯ ಸೈಪ್ರೆಸ್‌ಗಳು ಬೆಳೆದಂತೆ ಗೋಪುರ ಅವುಗಳ ನಡುವೆ ಮರೆಯಾಗಬೇಕು ಎಂಬುದು ಮೂಲ ಕಲ್ಪನೆ. 2020ರ ಜೂನ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಹೊರಮೈ ಕರಿಕಾಯಿತು. ಗೋಪುರ ಮಾತ್ರ ಬೀಳಲಿಲ್ಲ. ಶಾಶ್ವತ ಕೃತಿಯೊಂದಕ್ಕೆ ಹೀಗಾಗಿದ್ದರೆ ದುರಸ್ತಿಯ ಅಂದಾಜುಪಟ್ಟಿ ಮೊದಲು ಬರುತ್ತಿತ್ತು. ಮರೆಯಾಗಲೆಂದೇ ಕಟ್ಟಿದ್ದಕ್ಕೆ ಸುಟ್ಟ ಮೈಯೂ ಅದರ ಆಯುಸ್ಸಿನ ಒಂದು ಹಂತವೇ ಆಯಿತು.

ವಾಷಿಂಗ್ಟನ್ ರಾಜ್ಯದ ಕಲಾವಿದ ಜಾನ್ ಗ್ರೇಡ್ ಅವರ ‘ಮಿಡಲ್ ಫೋರ್ಕ್’ ಮರವನ್ನೇ ಕಡಿಯದೆ ಮಾಡಿದ ಮರ. ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಜೀವಂತವಾಗಿರುವ, ಸುಮಾರು 140 ವರ್ಷದ ಹೆಮ್ಲಾಕ್ ಮರವೊಂದನ್ನು ಏರಿ ಅದರ ಮೈಗೆ ಪ್ಲಾಸ್ಟರ್ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಮರುಬಳಕೆಯ ಹಳೆಯ ಸೀಡರ್‌ನ ಲಕ್ಷಾಂತರ ಸಣ್ಣ ಚೂರುಗಳನ್ನು ಸ್ವಯಂಸೇವಕರು ಕೈಯಿಂದ ಅಂಟಿಸಿದರು. ಟೊಳ್ಳಾದ ಆ ಮರ ಹಲವೆಡೆ ಪ್ರದರ್ಶನಗೊಂಡು, 2017ರಲ್ಲಿ ಸಿಯಾಟಲ್ ಕಲಾ ಸಂಗ್ರಹಾಲಯಕ್ಕೆ ಬರುವಾಗ 105 ಅಡಿ ಉದ್ದಕ್ಕೆ ಬೆಳೆದಿತ್ತು. ಕಟ್ಟಕಡೆಗೆ ಅದನ್ನು ಮೂಲ ಹೆಮ್ಲಾಕಿನ ಬುಡದಲ್ಲಿಟ್ಟು ಕೊಳೆಯಲು ಬಿಡುವುದು ಕಲಾವಿದರ ಯೋಜನೆ. ಕಾಡಿನಿಂದ ನಗರಕ್ಕೆ ಮಾತ್ರ ಹರಿದ ನಾಟಾದ ದಾರಿಯನ್ನು ಈ ಕೃತಿ ತಿರುಗಿಸಿ ನಡೆಯುತ್ತದೆ.

ಇವುಗಳಿಗೆ ತದ್ವಿರುದ್ಧವಾದ ಒಂದು ಕೃತಿಯೂ ಸಿಯಾಟಲ್‌ನಲ್ಲೇ ಇದೆ. ಒಲಿಂಪಿಕ್ ಶಿಲ್ಪೋದ್ಯಾನದಲ್ಲಿ ಮಾರ್ಕ್ ಡಿಯಾನ್ 2006ರಲ್ಲಿ ರೂಪಿಸಿದ ಗಾಜಿನ ಮನೆಯೊಳಗೆ 60 ಅಡಿ ಉದ್ದದ ಬಿದ್ದ ಹೆಮ್ಲಾಕ್ ಮಲಗಿದೆ. ಕಾಡಿನಲ್ಲಾದರೆ ಅಂಥ ಮರ ಕೊಳೆಯುತ್ತ ತನ್ನ ಮೈಮೇಲೆಯೇ ಸಸಿ, ಪಾಚಿ, ಅಣಬೆಗಳನ್ನು ಪುಕ್ಕಟೆಯಾಗಿ ಸಾಕುತ್ತದೆ. ನಗರದಲ್ಲಿ ಅದೇ ಕೆಲಸಕ್ಕೆ ನೀರು, ತೇವ, ಕಾಡಿನ ಬೆಳಕನ್ನು ಹೋಲುವ ಹಸಿರು ಗಾಜು ಎಲ್ಲವನ್ನೂ ಯಂತ್ರದಿಂದ ಒದಗಿಸಬೇಕು. ಕಾಡನ್ನು ಕಳೆದುಕೊಂಡ ಮೇಲೆ ಅದರ ಒಂದು ದಿಮ್ಮಿಯನ್ನು ಬದುಕಿಸಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಈ ಶಾಶ್ವತ ಕೃತಿ ದಿನವೂ ತೋರಿಸುತ್ತದೆ.

ಕೊಳೆಯುವ ಹಕ್ಕು

ಮರದ ಕೃತಿ ಕರಗಿಹೋಗಬೇಕು ಎಂಬುದನ್ನು ಆಧುನಿಕ ಕಲಾವಿದರು ಕಂಡುಹಿಡಿದರೆಂದು ಬರೆಯುವವರು ಈ ಕರಾವಳಿಯ ಮೂಲನಿವಾಸಿಗಳನ್ನು ಮರೆತಿರುತ್ತಾರೆ. ಕೆಂಪು ಸೀಡರ್‌ನಲ್ಲಿ ಕೆತ್ತಿದ ಎತ್ತರದ ಕುಲಸ್ತಂಭಗಳು ಹಲವು ಸಮುದಾಯಗಳಲ್ಲಿ ತಮ್ಮ ಕಾಲ ಮುಗಿದಾಗ ಬಿದ್ದು ಮಣ್ಣಾಗಬೇಕು. ಅಗತ್ಯವಿದ್ದರೆ ಹೊಸದನ್ನು ಕೆತ್ತಿ ನಿಲ್ಲಿಸಬೇಕು.

ಈ ನಂಬಿಕೆಗೂ ವಸ್ತುಸಂಗ್ರಹಾಲಯಗಳ ನಂಬಿಕೆಗೂ ನೇರ ಘರ್ಷಣೆ ನಡೆದದ್ದು ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳಾದ ಹೈಸ್ಲಾ ಜನರ ಗಿಪ್ಸ್‌ಗೋಲಕ್ಸ್ ಸ್ತಂಭದ ವಿಷಯದಲ್ಲಿ. 1872ರಲ್ಲಿ ನಿಲ್ಲಿಸಿದ ಆ ಸ್ತಂಭವನ್ನು 1929ರಲ್ಲಿ ಬುಡದಿಂದ ಕತ್ತರಿಸಿ ಸ್ವೀಡನ್ನಿಗೆ ಸಾಗಿಸಲಾಗಿತ್ತು. ಹೈಸ್ಲಾ ಜನ ದಶಕಗಳ ಬಳಿಕ ಅದರ ಜಾಡು ಹಿಡಿದು ಮರಳಿ ಕೇಳಿದರು. ಅತ್ತಲಿಂದ ಬಂದ ಷರತ್ತು ಕುತೂಹಲಕರವಾದದ್ದು: ಸ್ತಂಭವನ್ನು ಸಂರಕ್ಷಿಸುವ ವ್ಯವಸ್ಥೆ ಮಾಡಬೇಕು. ಹೈಸ್ಲಾ ದೃಷ್ಟಿಯಲ್ಲಿ ಸಂರಕ್ಷಣೆಯೇ ಅಪಚಾರ. ಮಾತುಕತೆ ವರ್ಷಗಟ್ಟಲೆ ನಡೆಯಿತು. ಬದಲಿ ಸ್ತಂಭವನ್ನು ಕೆತ್ತಿ ಸ್ವೀಡನ್ನಿಗೆ ಕೊಟ್ಟರು. 2006ರಲ್ಲಿ ಮೂಲ ಸ್ತಂಭ ಮರಳಿತು. ಕೆಲವು ವರ್ಷ ಒಳಾಂಗಣದಲ್ಲಿದ್ದು, 2012ರಲ್ಲಿ ಅದು ತನ್ನ ಹಳೆಯ ನೆಲೆಯನ್ನು ಸೇರಿತು, ಅಲ್ಲಿಯೇ ಮಣ್ಣಾಗಲು.

ಇದರಿಂದ ಇಂದಿನ ಚರ್ಚೆಗೆ ಬರುವ ಪಾಠ ಸಣ್ಣದಲ್ಲ. ತಾತ್ಕಾಲಿಕ ಎಂಬ ಪದವನ್ನು ನಗರಸಭೆಯ ಕಡತ ‘ಅಗ್ಗದ್ದು’, ‘ಅಪಾಯವಿಲ್ಲದ್ದು’ ಎಂಬರ್ಥದಲ್ಲಿ ಓದುತ್ತದೆ. ಹೈಸ್ಲಾ ಜನರಿಗೆ ಅದು ಸಂಬಂಧಗಳನ್ನು ಮತ್ತೆಮತ್ತೆ ಹೊಸತು ಮಾಡಿಕೊಳ್ಳುವ ಹೊಣೆ. ಒಂದೇ ಸೀಮೆಯಲ್ಲಿ, ಒಂದೇ ಜಾತಿಯ ಮರದ ಮೇಲೆ ಈ ಎರಡು ಅರ್ಥಗಳು ಅಕ್ಕಪಕ್ಕ ಇರುವಾಗ, ಆಯೋಜಕರು ತಾವು ಯಾವ ಅರ್ಥದಲ್ಲಿ ಮಾತಾಡುತ್ತಿದ್ದೇವೆಂದು ಹೇಳದಿದ್ದರೆ ತಪ್ಪು ತಿಳಿವಳಿಕೆ ಖಂಡಿತ.

ಹಣ, ಕೀಟ, ಕಾನೂನು

ಹಣದ ಮಾತು ಮೊದಲು. ಸಿಯಾಟಲ್ ನಗರ 1973ರಲ್ಲಿ ತನ್ನ ನಿರ್ಮಾಣ ಕಾಮಗಾರಿಗಳ ವೆಚ್ಚದ ಶೇ. 1ರಷ್ಟನ್ನು ಕಲೆಗೆ ಮೀಸಲಿಡುವ ಕಾನೂನು ಮಾಡಿತು. ಇಂಥ ಪದ್ಧತಿ ಅನೇಕ ನಗರಗಳಲ್ಲಿದೆ. ಈ ಹಣ ಬರುವುದು ಬಂಡವಾಳ ವೆಚ್ಚದಿಂದ, ಹೀಗಾಗಿ ಅದು ಸಾಮಾನ್ಯವಾಗಿ ಬಾಳಿಕೆ ಬರುವ ಆಸ್ತಿಯ ಕಡೆಗೇ ವಾಲುತ್ತದೆ. ಕಳಚಿಹೋಗುವ ಕೃತಿಗೆ ಅನುದಾನ, ಪ್ರವಾಸೋದ್ಯಮದ ನಿಧಿ, ದಾನಿಗಳ ಹಣ ಹುಡುಕಬೇಕು. ಪ್ರವಾಸೋದ್ಯಮದ ಹಣ ಬಂದೊಡನೆ ಕೃತಿ ಫೋಟೊಗೆ ಚೆನ್ನಾಗಿರಬೇಕು, ಮನಸ್ಸು ಕೆಡಿಸಬಾರದು ಎಂಬ ನಿರೀಕ್ಷೆಯೂ ಬರುತ್ತದೆ. ನಾಟಾ ಕಂಪನಿ ದಿಮ್ಮಿ ದಾನ ಮಾಡಿದರೆ ಆ ದಿಮ್ಮಿ ಯಾವ ಕಾಡಿನದೆಂದು ಕೇಳಲು ಆಯೋಜಕರಿಗೆ ಸಂಕೋಚವಾಗುತ್ತದೆ. ಅವಧಿ ಚಿಕ್ಕದಾದಷ್ಟೂ ಕಲಾವಿದ ನಿರ್ಭಯವಾಗಿ ಮಾತಾಡಬಹುದು ಎಂಬ ವಾದಕ್ಕೆ ಇದು ದೊಡ್ಡ ತೊಡಕು.

ಎರಡನೆಯದು ಮರದ ಸ್ವಭಾವ. ತೊಗಟೆಯಿರುವ ಹಸಿ ದಿಮ್ಮಿ ಕೀಟಗಳ ಮನೆ. ‘ಆ್ಯಶ್’ ಎಂಬ ಜಾತಿಯ ಮರವನ್ನು ಕೊರೆಯುವ ಪಚ್ಚೆ ಜೀರುಂಡೆ 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಗಿ, ಸೌದೆ ಮತ್ತು ದಿಮ್ಮಿಗಳ ಸಾಗಣೆಯ ಜೊತೆ ಹಬ್ಬುತ್ತ, 2022ರಲ್ಲಿ ಆರೆಗಾನ್ ರಾಜ್ಯದ ಫಾರೆಸ್ಟ್ ಗ್ರೋವ್ ಎಂಬಲ್ಲಿ ಕಾಣಿಸಿಕೊಂಡಿತು. ಆದ್ದರಿಂದ ದೂರದ ದಿಮ್ಮಿಯನ್ನು ತಂದು ನಿಲ್ಲಿಸುವ ಕಲಾವಿದ ತನಗರಿವಿಲ್ಲದೆ ಕಾಡಿಗೆ ಹಾನಿ ಮಾಡಬಲ್ಲ. ಅಂತರರಾಷ್ಟ್ರೀಯ ಸಾಗಣೆಯ ಮರದ ಪೆಟ್ಟಿಗೆಗಳಿಗೆ ಇರುವ ನಿಯಮದಂತೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಡುವುದು ಒಂದು ದಾರಿ. ಹತ್ತಿರದ ಮರವನ್ನೇ ಬಳಸಿ ಹತ್ತಿರದಲ್ಲೇ ಬಿಡುವುದು ಇನ್ನೊಂದು. ಬಾಳಿಕೆಗಾಗಿ ಹಿಂದೆ ವ್ಯಾಪಕವಾಗಿ ಬಳಸುತ್ತಿದ್ದ ಆರ್ಸೆನಿಕ್ ಮಿಶ್ರಿತ ರಾಸಾಯನಿಕವನ್ನು ಹೀರಿದ ಹಳೆಯ ಹಲಗೆಗಳಾದರೆ ಅವನ್ನು ಸುಡುವಂತಿಲ್ಲ, ಗೊಬ್ಬರ ಮಾಡುವಂತೆಯೂ ಇಲ್ಲ. ಮರುಬಳಕೆಯ ಮರ ಎಂದೊಡನೆ ಪರಿಸರಸ್ನೇಹಿ ಎಂದು ಚಪ್ಪಾಳೆ ತಟ್ಟುವುದು ಸುಲಭ. ಆ ಹಲಗೆ ಹಿಂದೆ ಏನಾಗಿತ್ತು ಎಂದು ಕೇಳುವವರು ಕಡಿಮೆ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವೇ ಆದ್ದರಿಂದ ಕೊನೆಯಲ್ಲಿ ಸುಟ್ಟರೆ ಅದು ಒಮ್ಮೆಲೇ ಗಾಳಿಗೆ ಸೇರುತ್ತದೆ, ಕೊಳೆತರೆ ನಿಧಾನವಾಗಿ, ದೋಣಿಯೋ ಬೆಂಚೋ ಆದರೆ ಇನ್ನಷ್ಟು ನಿಧಾನವಾಗಿ.

ಕಾನೂನಿನ ಅಂಶವನ್ನು ಆಯೋಜಕರು ಹೆಚ್ಚಾಗಿ ಕಡೆಗಣಿಸುತ್ತಾರೆ. ಅಮೆರಿಕದ 1990ರ ದೃಶ್ಯಕಲಾವಿದರ ಹಕ್ಕುಗಳ ಕಾಯ್ದೆ ಮನ್ನಣೆ ಪಡೆದ ಕೃತಿಯನ್ನು ಉದ್ದೇಶಪೂರ್ವಕವಾಗಿ ನಾಶಮಾಡುವುದನ್ನು ತಡೆಯುತ್ತದೆ. ತಾತ್ಕಾಲಿಕ ಕೃತಿಗೆ ಇದು ಅನ್ವಯಿಸದು ಎಂದು ಅನೇಕರು ಭಾವಿಸಿದ್ದರು. ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಗೋಡೆಚಿತ್ರಗಳಿಗೆ ಮಾಲೀಕರು 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಿದ ಪ್ರಕರಣದಲ್ಲಿ ನ್ಯಾಯಾಲಯ 2018ರಲ್ಲಿ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. 2020ರಲ್ಲಿ ಅದನ್ನು ಎತ್ತಿಹಿಡಿದ ಮೇಲ್ಮನವಿ ನ್ಯಾಯಾಲಯ, ಕೃತಿ ತಾತ್ಕಾಲಿಕ ಎಂದ ಮಾತ್ರಕ್ಕೆ ರಕ್ಷಣೆ ತಪ್ಪುವುದಿಲ್ಲ ಎಂದಿತು. 2005ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 16 ದಿನ ಮಾತ್ರ ನಿಂತು ಜಗತ್ತಿನ ಗಮನ ಸೆಳೆದ ‘ದ ಗೇಟ್ಸ್’ ಕೃತಿಯನ್ನು ಉದಾಹರಿಸಿತು. ಆದರೆ ಕಾಲ ಕಳೆದಂತೆ ಅಥವಾ ವಸ್ತುವಿನ ಸ್ವಭಾವದಿಂದಲೇ ಆಗುವ ಬದಲಾವಣೆಯನ್ನು ಇದೇ ಕಾಯ್ದೆ ನಾಶವೆಂದು ಎಣಿಸುವುದಿಲ್ಲ. ಅಂದರೆ ದಿಮ್ಮಿ ತಾನೇ ಕೊಳೆತರೆ ತಕರಾರಿಲ್ಲ, ನಗರಸಭೆ ಬುಲ್ಡೋಜರ್ ತಂದರೆ ತಕರಾರು ಏಳಬಹುದು. ಕಳಚುವ ದಿನ, ಕಳಚುವವರು, ಮರದ ಮುಂದಿನ ಗತಿ ಈ ಮೂರನ್ನೂ ಮೊದಲೇ ಬರೆದುಕೊಳ್ಳಬೇಕಾದುದು ಇದಕ್ಕಾಗಿ.

ವಿರೋಧದ ಮಾತುಗಳು

ವಿರೋಧ ಎರಡು ದಿಕ್ಕಿನಿಂದ ಬರುತ್ತದೆ, ಎರಡರಲ್ಲೂ ತಿರುಳಿದೆ. ಕೆಲಸ ಕಳೆದುಕೊಂಡವರ ಆಕ್ಷೇಪ ಹೀಗಿದೆ: ಗಟ್ಟಿ ಕಂಚಿನ ಪ್ರತಿಮೆಗಳು ಸೈನಿಕರಿಗೆ, ರಾಜಕಾರಣಿಗಳಿಗೆ, ಮಿಲ್ ಮಾಲೀಕರಿಗೆ, ಕೂಲಿಯವನ ಸರದಿ ಬಂದಾಗ ಮಾತ್ರ ಆರು ತಿಂಗಳ ದಿಮ್ಮಿಯೇ? ಸೆಂಟ್ರೇಲಿಯದ ಇತಿಹಾಸವನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ತಾತ್ಕಾಲಿಕತೆ ಎಲ್ಲರ ಕಥೆಗೂ ಸಮನಾಗಿ ಅನ್ವಯಿಸದೆ ದುರ್ಬಲರ ಕಥೆಗೆ ಮಾತ್ರ ಅನ್ವಯಿಸಿದರೆ ಅದು ಉದಾರತೆಯಾಗಿ ಉಳಿಯುವುದಿಲ್ಲ.

ಕಾಡಿನ ಪರ ನಿಂತವರ ಆಕ್ಷೇಪ ಬೇರೆ. 1993ರಲ್ಲಿ ವ್ಯಾಂಕೂವರ್ ದ್ವೀಪದ ಕ್ಲೇಯೊಕ್ವಾಟ್ ಸೌಂಡ್‌ನಲ್ಲಿ 850ಕ್ಕೂ ಹೆಚ್ಚು ಜನ, 2021ರ ಹೊತ್ತಿಗೆ ಅದೇ ದ್ವೀಪದ ಫೇರಿ ಕ್ರೀಕ್‌ನಲ್ಲಿ ಅದಕ್ಕೂ ಹೆಚ್ಚು ಜನ ಹಳೆಯ ಕಾಡಿನ ಕಡಿತವನ್ನು ತಡೆಯಲು ಹೋಗಿ ಬಂಧನಕ್ಕೊಳಗಾದರು. ಅಂಥವರಿಗೆ ‘ಪರಂಪರೆ’ ಎಂಬ ಪದವೇ ಮೋಸದ್ದೆನಿಸುತ್ತದೆ, ಏಕೆಂದರೆ ಆ ಪದ ನಡೆಯುತ್ತಿರುವ ಸಂಗತಿಯನ್ನು ಮುಗಿದುಹೋದ ಕಥೆಯಂತೆ ಕಾಣಿಸುತ್ತದೆ. ಇದಕ್ಕೆ ಪೂರ್ಣ ಉತ್ತರವಿಲ್ಲ. ಆದರೂ ಮರದ ಮೂಲವನ್ನು ಮುಚ್ಚಿಡದ ಕೃತಿಯ ಮುಂದೆ ಈ ಆಕ್ಷೇಪದ ಮೊನೆ ಸ್ವಲ್ಪ ಮೊಂಡಾಗುತ್ತದೆ.

ತೆರಿಗೆದಾರನ ಆಕ್ಷೇಪಕ್ಕೆ ಹೆಚ್ಚು ಸಮಯ ಬೇಕಿಲ್ಲ. ಶಾಶ್ವತ ಕೃತಿಗೂ ತೊಳೆಯುವ, ದುರಸ್ತಿ ಮಾಡುವ, ವಿಮೆ ಇಳಿಸುವ ಖರ್ಚು ಎಂದೆಂದಿಗೂ ಇರುತ್ತದೆ. ತಾತ್ಕಾಲಿಕ ಕೃತಿಯ ಖರ್ಚಿಗೆ ಕೊನೆಯ ದಿನವಿದೆ.

ಮುಂದೇನಾಗಬಹುದು

ಒಂದು ಪರಿಣಾಮವನ್ನು ಈಗಲೇ ಊಹಿಸಬಹುದು. ಬ್ರಿಟಿಷ್ ಕೊಲಂಬಿಯಾದಲ್ಲಿ ಸುಂಕದ ಹೊರೆ ಹೀಗೆಯೇ ಉಳಿದರೆ ಇನ್ನಷ್ಟು ಮಿಲ್ಲುಗಳು ನಿಲ್ಲುತ್ತವೆ, ಖಾಲಿ ಮಿಲ್ ಅಂಗಳಗಳು ಹೆಚ್ಚುತ್ತವೆ, ಅವುಗಳಿಗೆ ಏನಾದರೂ ಜೀವ ತುಂಬಬೇಕೆಂಬ ಒತ್ತಡದಲ್ಲಿ ಇಂಥ ಕೃತಿಗಳಿಗೆ ಬೇಡಿಕೆಯೂ ಹೆಚ್ಚುತ್ತದೆ. ಕೆಲಸ ಹೋದ ಮರುವರ್ಷವೇ ಅದನ್ನು ಪರಂಪರೆ ಎಂದು ಕರೆದರೆ ಗಾಯ ಇನ್ನೂ ಹಸಿಯಿರುತ್ತದೆ. ಅಲ್ಲಿ ಕಲಾವಿದನಿಗಿಂತ ಮೊದಲು ಮಿಲ್ಲಿನಲ್ಲಿ ಗರಗಸ ನಡೆಸುತ್ತಿದ್ದವರನ್ನು ಮಾತಿಗೆ ಕರೆಯದಿದ್ದರೆ ಕೃತಿ ನಿಲ್ಲುವ ಮೊದಲೇ ಜಗಳ ಎದ್ದು ನಿಲ್ಲುತ್ತದೆ.

ಗಡಿಯ ಈಚೆ, ಅಮೆರಿಕದ ವಾಯವ್ಯದಲ್ಲಿ, ನಡೆಯುವುದು ಇದಕ್ಕಿಂತ ವಿಚಿತ್ರವಾಗಿರಬಹುದು. 2025ರ ಆದೇಶಗಳು ನ್ಯಾಯಾಲಯಗಳನ್ನು ದಾಟಿ ಜಾರಿಗೆ ಬಂದರೆ, ಮೂವತ್ತು ವರ್ಷಗಳಿಂದ ನೆನಪಾಗಿ ಉಳಿದಿದ್ದ ಸರ್ಕಾರಿ ಕಾಡಿನ ದಿಮ್ಮಿ ಮತ್ತೆ ರಸ್ತೆಗೆ ಬರುತ್ತದೆ. ಕಳೆದುಹೋದ ಉದ್ಯಮದ ನೆನಪಿಗೆಂದು ಉದ್ಯಾನದಲ್ಲಿ ನಿಲ್ಲಿಸಿದ ಕಾಂಡಗಳ ಪಕ್ಕದಲ್ಲೇ, ಅದೇ ಬೇಸಿಗೆ, ಹೊಸದಾಗಿ ಕಡಿದ ಕಾಂಡಗಳನ್ನು ಹೊತ್ತ ಲಾರಿಗಳು ಸಾಗಬಹುದು. ಆಗ ಕೃತಿಯ ಫಲಕದಲ್ಲಿ ‘ಸ್ಮರಣೆ’ ಎಂದು ಬರೆದಿದ್ದರೆ ಅದನ್ನು ತಿದ್ದಬೇಕಾಗುತ್ತದೆ. ಕಂಚಿನ ಮೇಲಿನ ಅಕ್ಷರವನ್ನು ತಿದ್ದುವುದು ಕಷ್ಟ. ಆರು ತಿಂಗಳ ಹಲಗೆಯಾದರೆ ಮುಂದಿನ ಬೇಸಿಗೆಗೆ ಬೇರೆ ಮಾತು ಬರೆಯಬಹುದು, ಬರೆಯುವ ಧೈರ್ಯ ಊರಿಗಿದ್ದರೆ.